ಫೋನಿನಲ್ಲಿ ನಮ್ಮ ಅಂಗಡಿ ವೆಬ್‌ಸೈಟ್ ನೆಟ್ಟಗೆ ಕಾಣುತ್ತಿಲ್ಲ. ಹೊಸದು ಮಾಡಿಸಬೇಕಾ, ಇದ್ದದ್ದೇ ರಿಪೇರಿ ಆಗುತ್ತದಾ?

ಪಂಪ್‌ಸೆಟ್_ಹುಬ್ಬಳ್ಳಿ
ನ್ಯೂ ಕಾಟನ್ ಮಾರ್ಕೆಟ್ ಕಡೆ ನಮ್ಮದು ಪಂಪ್‌ಸೆಟ್, ಸ್ಪೇರ್ ಪಾರ್ಟ್ಸ್ ಅಂಗಡಿ. ಗಿರಾಕಿಗಳಲ್ಲಿ ಊರಿನವರು ಕಮ್ಮಿ. ನವಲಗುಂದ, ಅಣ್ಣಿಗೇರಿ, ಶಿರಹಟ್ಟಿ, ಸವಣೂರು ಕಡೆಯ ರೈತರು, ಮೋಟಾರ್ ರಿವೈಂಡಿಂಗ್ ಮಾಡುವ ಹುಡುಗರೇ ಜಾಸ್ತಿ. ಅಪ್ಪ ಗಲ್ಲಾದ ಮೇಲೆ ಕೂರುತ್ತಿದ್ದಾಗ ಮಾಡಿಸಿದ ಒಂದು ವೆಬ್‌ಸೈಟ್ ಇದೆ. ಕಂಪ್ಯೂಟರ್‌ನಲ್ಲಿ ಲಕ್ಷಣವಾಗಿದೆ. ಫೋನಿನಲ್ಲಿ ತೆರೆದರೆ ಇಡೀ ಪುಟ ಕುಗ್ಗಿಬಿಡುತ್ತದೆ. ಎರಡು ಬೆರಳಲ್ಲಿ ಎಳೆದೆಳೆದು ಓದಬೇಕು. ಮೊನ್ನೆ ಮುಂಡರಗಿಯಿಂದ ಬಂದವರೊಬ್ಬರು, "ನಿಮ್ಮ ನಂಬರ್ ಸಿಗಲಿಲ್ಲ ಅಂತ ಬಾಜೂ ಅಂಗಡಿಗೆ ಫೋನ್ ಮಾಡಿ ನಿಮ್ಮ ದಾರಿ ಕೇಳಿದೆ" ಎಂದರು. ನಗು ಬಂತು, ಹೊಟ್ಟೆಯೂ ಉರಿಯಿತು.

ಒಬ್ಬ ಡಿಸೈನರ್ ಹತ್ತಿರ ಕೇಳಿದೆ. ಹಳೆಯದನ್ನು ಮುಟ್ಟುವ ಹಾಗೇ ಇಲ್ಲ, ಹೊಸ ಸೈಟ್ ಜೊತೆ ಒಂದು ಆ್ಯಪ್ ಬೇಕೇ ಬೇಕು, 60 ಸಾವಿರ ಆಗುತ್ತದೆ ಎನ್ನುತ್ತಾರೆ. ಮೊಬೈಲ್‌ಗೆ ಹೊಂದದ ಸೈಟ್‌ಗಳನ್ನು ಗೂಗಲ್ ತೆಗೆದೇ ಹಾಕುತ್ತದೆ ಅಂತ ಹೆದರಿಸಿಯೂ ಹೋದರು. ನಿಜವೇನ್ರೀ ಇದು? ನನ್ನ ಮಗನಂತೂ ವೆಬ್‌ಸೈಟೇ ಬೇಡ, ವಾಟ್ಸಾಪ್ ಸಾಕು ಅನ್ನುತ್ತಾನೆ. ತಿಳಿದವರು ಹೇಳಿ.

ದುರ್ಗದಬೈಲ್_ಪೋರ
ಲಿಂಕ್ ಹಾಕಿ ಅಣ್ಣಾ. ನೋಡದೇ ಏನು ಹೇಳುವುದು?

ಪಂಪ್‌ಸೆಟ್_ಹುಬ್ಬಳ್ಳಿ
ಇಲ್ಲಿ ಹಾಕಿದರೆ ಜಾಹೀರಾತು ಅಂತ ಅಡ್ಮಿನ್ ತೆಗೆದುಬಿಡುತ್ತಾರೆ. ಕೇಳಿದವರಿಗೆ ಮೆಸೇಜ್ ಮಾಡುತ್ತೇನೆ.

ಸಪ್ತಾಪುರ_ಕೋಡರ್
ಲಿಂಕ್ ನೋಡಿದೆ ಸರ್. ಪುಟ ಕುಗ್ಗುವುದಕ್ಕೆ ಕಾರಣ ಒಂದೇ ಸಾಲು. ಕೋಡ್‌ನ ಮೇಲ್ಭಾಗದಲ್ಲಿ ವ್ಯೂಪೋರ್ಟ್ ಅನ್ನುವ ಮೆಟಾ ಟ್ಯಾಗ್, ಅಂದರೆ ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸು ಅಂತ ಬ್ರೌಸರ್‌ಗೆ ಹೇಳುವ ಸಾಲು, ಇರಬೇಕು. ನಿಮ್ಮದರಲ್ಲಿ ಇಲ್ಲ. ಅದು ಇಲ್ಲದಿದ್ದರೆ ಫೋನಿನ ಬ್ರೌಸರ್ ಇದು ಕಂಪ್ಯೂಟರ್‌ಗೆ ಮಾಡಿದ ಪುಟ ಅಂದುಕೊಳ್ಳುತ್ತದೆ. 980 ಪಿಕ್ಸೆಲ್ ಅಗಲಕ್ಕೆ ಪುಟ ಹಾಸಿ, ಆಮೇಲೆ ಅಷ್ಟನ್ನೂ ಪರದೆಯೊಳಗೆ ಅದುಮಿ ತೋರಿಸುತ್ತದೆ. ಸಾಮಾನ್ಯ ಆಂಡ್ರಾಯ್ಡ್ ಫೋನಿನ ಅಗಲ ಬ್ರೌಸರ್ ಲೆಕ್ಕದಲ್ಲಿ ಸುಮಾರು 360. ಹಾಗಾಗಿ 16ರ ಅಕ್ಷರ 6ರಷ್ಟಾಗಿ ಕಾಣುತ್ತದೆ.

ಆ ಸಾಲು ಸೇರಿಸಿದ ಕೂಡಲೇ ಎಲ್ಲ ಸರಿ ಹೋಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಪುಟದ ಅಗಲವನ್ನು 960 ಅಂತ ಬಿಗಿದು ಇಟ್ಟಿದ್ದಾರೆ. ಈಗ ಟ್ಯಾಗ್ ಹಾಕಿದರೆ ಅಕ್ಷರ ದೊಡ್ಡದಾಗುತ್ತದೆ, ಆದರೆ ಪುಟ ಬಲಕ್ಕೆ ಓಡುತ್ತದೆ. ಅಗಲವನ್ನು ಶೇಕಡಾದಲ್ಲಿ ಕೊಡಬೇಕು. ಚಿಕ್ಕ ಪರದೆಯಲ್ಲಿ ಕಾಲಂಗಳು ಒಂದರ ಕೆಳಗೊಂದು ಬರುವಂತೆ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್) ಮೀಡಿಯಾ ಕ್ವೆರಿ, ಅಂದರೆ ಪರದೆಯ ಅಗಲ ನೋಡಿ ರೂಪ ಬದಲಿಸುವ ನಿಯಮ, ಬರೆಯಬೇಕು. ರೆಸ್ಪಾನ್ಸಿವ್ ಡಿಸೈನ್ ಅನ್ನುವುದು ಇದಕ್ಕೇ. ಈಥನ್ ಮಾರ್ಕಾಟ್ ಅನ್ನುವ ವೆಬ್ ಡಿಸೈನರ್ ಆ ಹೆಸರು ಕೊಟ್ಟಿದ್ದು 2010ರಲ್ಲಿ, ಹೊಸ ವಿದ್ಯೆ ಏನಲ್ಲ. ನಿಮ್ಮದು ಐದಾರು ಪುಟದ ಸೈಟ್. ಪೂರ್ತಿ ಹೊಸದಾಗಿ ಬರೆದರೂ ಅಂಥ ದೊಡ್ಡ ಕೆಲಸ ಅಲ್ಲ. ಆ್ಯಪ್ ಯಾಕೆ ಅಂತ ನನಗಂತೂ ತಿಳಿಯಲಿಲ್ಲ.

ಗಿರ್ಮಿಟ್_ಚಹಾ
ಯಾಕ್ರೀ ಇಷ್ಟೆಲ್ಲ ರಾಮಾಯಣ? ನಿಮ್ಮ ಮಗ ಹೇಳಿದ್ದೇ ಸರಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಹಾಕಿ, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿ, ಮುಗಿಯಿತು. 60 ಸಾವಿರ ಲಾಭ ಬರಲು ಎಷ್ಟು ಇಂಪೆಲರ್ ಮಾರಬೇಕು, ಲೆಕ್ಕ ಹಾಕಿ.

ಏಲಕ್ಕಿ_ಹಾವೇರಿ
ಗಿರ್ಮಿಟ್ ಅವರೇ, ವಾಟ್ಸಾಪ್ ಇರುವುದು ನಿಮ್ಮ ನಂಬರ್ ಈಗಾಗಲೇ ಇರುವವರಿಗೆ. ರಾತ್ರಿ ಒಂಬತ್ತಕ್ಕೆ ಮೋಟಾರ್ ಸುಟ್ಟಿತು, ಬೆಳೆಗೆ ನೀರಿಲ್ಲ, ಆಗ ಮನುಷ್ಯ ಫೋನಿನಲ್ಲಿ ಹುಡುಕುತ್ತಾನೆ. ನಿಮ್ಮ ಹೆಸರು ಅವನಿಗೆ ಗೊತ್ತೇ ಇರುವುದಿಲ್ಲ. ಅವನು ನಿಮ್ಮ ಕ್ಯಾಟಲಾಗ್‌ಗೆ ಹೇಗೆ ಬರಬೇಕು?

ಇನ್ನೊಂದು. ಬೇರೆಯವರ ಜಾಗದಲ್ಲಿ ಇರುವುದು ಅವರು ಇರಗೊಡುವ ತನಕ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಸಿಗುತ್ತಿದ್ದ ವೆಬ್‌ಸೈಟ್‌ಗಳು 2024ರ ಮಾರ್ಚ್‌ನಲ್ಲಿ ಬಂದ್ ಆದವು. ವಿಸಿಟಿಂಗ್ ಕಾರ್ಡ್ ಮೇಲೆ, ಅಂಗಡಿ ಬೋರ್ಡ್ ಮೇಲೆ ಅದೇ ವಿಳಾಸ ಬರೆಸಿದವರು ಎಷ್ಟು ಜನ ಇದ್ದರೋ. ಮ್ಯಾಪ್‌ನಲ್ಲಿ ಅಂಗಡಿ ಇರಲಿ, ವಾಟ್ಸಾಪ್ ಇರಲಿ, ಸ್ವಂತ ಹೆಸರಿನಲ್ಲಿ ಒಂದು ಪುಟವೂ ಇರಲಿ.

ಗಿರ್ಮಿಟ್_ಚಹಾ
ಅಕ್ಕಾ, ಆ ರಾತ್ರಿ ಒಂಬತ್ತರ ಮನುಷ್ಯ ಮ್ಯಾಪ್‌ನಲ್ಲೇ ಹುಡುಕುತ್ತಾನೆ. ನಂಬರ್ ಅಲ್ಲೇ ಇರುತ್ತದೆ. ವೆಬ್‌ಸೈಟ್ ತನಕ ಯಾರು ಹೋಗುತ್ತಾರೆ?

ಏಲಕ್ಕಿ_ಹಾವೇರಿ
ತನಗೆ ಬೇಕಾದ ಸ್ಪೇರ್ ಇಲ್ಲಿ ಸಿಗುತ್ತದಾ ಅಂತ ನೋಡಲು ಹೋಗುತ್ತಾನೆ. ಸವಣೂರಿಂದ ಹುಬ್ಬಳ್ಳಿಗೆ ಸುಮ್ನೆ ಬಸ್ ಹತ್ತಿ ಬರುತ್ತಾನಾ? ಅಂದ ಹಾಗೆ, ಪಂಪ್‌ಸೆಟ್ ಸರ್, ಪುಟದಲ್ಲಿ ಊರಿನ ಹೆಸರನ್ನು ಕನ್ನಡದಲ್ಲೂ ಬರೆಸಿ, ಇಂಗ್ಲಿಷಿನ ಎರಡೂ ಸ್ಪೆಲ್ಲಿಂಗ್ (Hubli, Hubballi) ಹಾಕಿಸಿ. ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್‌ನಲ್ಲಿ. ಇವತ್ತಿಗೂ ಜನ ಹಳೆಯದನ್ನೇ ಟೈಪ್ ಮಾಡುತ್ತಾರೆ.

ವಿದ್ಯಾನಗರ_ಡಿಜಿಟಲ್
ಡಿಸೈನರ್ ಹೇಳಿದ್ದರಲ್ಲಿ ಸುಳ್ಳೇನಿಲ್ಲ. 2024ರ ಜುಲೈ 5ರ ನಂತರ ಗೂಗಲ್ ಎಲ್ಲ ಸೈಟ್‌ಗಳನ್ನೂ ಮೊಬೈಲ್ ಬಾಟ್‌ನಿಂದಲೇ (ಫೋನಿನಂತೆ ಪುಟ ತೆರೆದು ಓದುವ ಪ್ರೋಗ್ರಾಂ) ನೋಡುತ್ತದೆ. ಮೊಬೈಲ್ ಫ್ರೆಂಡ್ಲಿ ಅಲ್ಲದ್ದು ಹುಡುಕಾಟದಿಂದ ಹೊರಗೆ. ನಾವು ಈ ಫೀಲ್ಡ್‌ನಲ್ಲೇ ಇದ್ದೇವೆ, ಬೇಕಾದರೆ ಸಂಪರ್ಕಿಸಿ.

ಸಪ್ತಾಪುರ_ಕೋಡರ್
ತಾರೀಖು ಸರಿ, ಅರ್ಥ ಸರಿಯಿಲ್ಲ. ಹೊರಗೆ ಹೋಗುವುದು ಫೋನಿನಲ್ಲಿ ತೆರೆಯುವುದೇ ಇಲ್ಲ ಅನ್ನುವ ಸೈಟ್. ತೆರೆದುಕೊಂಡು ಚಿಕ್ಕದಾಗಿ, ಕೆಟ್ಟದಾಗಿ ಕಾಣುವ ಸೈಟ್ ಅಲ್ಲ. ಎರಡಕ್ಕೂ ಬಹಳ ಫರಕು ಇದೆ. ಪಂಪ್‌ಸೆಟ್ ಸರ್ ಅವರ ಸೈಟ್ ತೆರೆಯುತ್ತದೆ, ಹಾಗಾಗಿ ಯಾರೂ ತೆಗೆಯುವುದಿಲ್ಲ. ಇಲ್ಲಿ ಹೆದರಿಕೆ ಮಾರಬೇಡಿ.

ವಿದ್ಯಾನಗರ_ಡಿಜಿಟಲ್
ರ‍್ಯಾಂಕಿಂಗ್‌ಗೆ ಪೆಟ್ಟು ಬೀಳುತ್ತದಲ್ಲ? 2015ರ ಏಪ್ರಿಲ್ 21ರಿಂದ ಮೊಬೈಲ್ ಹುಡುಕಾಟದಲ್ಲಿ ಫೋನಿಗೆ ಹೊಂದುವ ಪುಟಗಳಿಗೆ ಮುಂದಿನ ಜಾಗ. ಮೂರನೇ ಪುಟಕ್ಕೆ ಹೋದರೂ ಹೊರಗೆ ಹೋದರೂ ವ್ಯಾಪಾರಿಗೆ ಒಂದೇ. ಅವರು ಗೂಗಲ್‌ನ ಮೊಬೈಲ್ ಫ್ರೆಂಡ್ಲಿ ಟೆಸ್ಟ್‌ನಲ್ಲಿ ತಮ್ಮ ಸೈಟ್ ಹಾಕಿ ನೋಡಲಿ.

ಸಪ್ತಾಪುರ_ಕೋಡರ್
ಆ ಟೆಸ್ಟ್ 2023ರ ಡಿಸೆಂಬರ್‌ನಲ್ಲೇ ನಿಂತಿದೆ ಗುರುಗಳೇ. ಈಗ ಪೇಜ್‌ಸ್ಪೀಡ್ ಇನ್‌ಸೈಟ್ಸ್ ನೋಡಬೇಕು, ಇಲ್ಲ ಕ್ರೋಮ್‌ನಲ್ಲೇ ಇರುವ ಲೈಟ್‌ಹೌಸ್. ಎರಡೂ ಪುಟ ಪರೀಕ್ಷಿಸುವ ಗೂಗಲ್‌ನ ಸಾಧನಗಳು.

ದುರ್ಗದಬೈಲ್_ಪೋರ
ಫೀಲ್ಡ್‌ನಲ್ಲೇ ಇದ್ದಾರಂತೆ 😄

ಬೆಟಗೇರಿ_ಪ್ರೆಸ್
ನಾನು ವೆಬ್‌ಸೈಟ್ ಮಾಡುವವನಲ್ಲ, ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇದೆ. ಆದರೆ ಈ ರೋಗದ ಒಂದು ಬೇರು ನಮ್ಮ ಡಿಟಿಪಿ ಟೇಬಲ್ ಮೇಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿಯವರು ಕರಪತ್ರ, ರೇಟ್ ಪಟ್ಟಿ ನಮ್ಮಲ್ಲಿ ಮಾಡಿಸುತ್ತಾರೆ. ನಾವು ಹಳೆಯ ನುಡಿ ಫಾಂಟ್‌ನಲ್ಲಿ ಕೂಡಿಸಿರುತ್ತೇವೆ. ಅದೇ ಫೈಲ್ ವೆಬ್‌ಸೈಟ್ ಮಾಡುವ ಹುಡುಗನ ಕೈಗೆ ಹೋಗುತ್ತದೆ. ಅವನು ಕಾಪಿ ಮಾಡಿ ಅಂಟಿಸುತ್ತಾನೆ. ಅವನ ಕಂಪ್ಯೂಟರ್‌ನಲ್ಲಿ ನುಡಿ ಇರುತ್ತದೆ, ಚೆನ್ನಾಗಿ ಕಾಣುತ್ತದೆ. ಗಿರಾಕಿಯ ಫೋನಿನಲ್ಲಿ ಆ ಫಾಂಟ್ ಎಲ್ಲಿಂದ ಬರಬೇಕು? ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಬರುತ್ತದೆ. ಯಾರೋ ದೂರು ಕೊಟ್ಟ ಮೇಲೆ ಹುಡುಗ ಏನು ಮಾಡುತ್ತಾನೆ ಗೊತ್ತಾ? ಇಡೀ ಪಟ್ಟಿಯ ಫೋಟೋ ತೆಗೆದು ಅದನ್ನೇ ಹಾಕುತ್ತಾನೆ. ಆ ಫೋಟೋದಲ್ಲಿರುವುದನ್ನು ಕಾಪಿ ಮಾಡಲು ಬರುವುದಿಲ್ಲ. ಅದರಲ್ಲಿರುವ ಫೋನ್ ನಂಬರ್ ಒತ್ತಿದರೆ ಕರೆ ಹೋಗುವುದಿಲ್ಲ. ಚಿಕ್ಕ ಪರದೆಗೆ ಸಾಲು ಮುರಿದುಕೊಳ್ಳುವುದೂ ಇಲ್ಲ.

ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಬರಹಕ್ಕೆ, ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಿಟ್ಟು ಓದಿ. ಅರ್ಕಾವತ್ತು, ಒತ್ತಕ್ಷರ ಇರುವಲ್ಲಿ ಎಡವಟ್ಟು ಆಗಿರುತ್ತದೆ. ಹೆಸರು, ಅಳತೆ, ರೇಟ್ ಇವನ್ನು ಎರಡು ಸಲ ನೋಡಿ.

ಏಲಕ್ಕಿ_ಹಾವೇರಿ
ಕಾಕಾ, ಒತ್ತಕ್ಷರದ ಮಾತು ಬಂತಲ್ಲ, ಇನ್ನೊಂದಿದೆ. ಅಕ್ಷರ ಯೂನಿಕೋಡ್‌ನಲ್ಲೇ ಇರುತ್ತದೆ, ಆದರೂ ಕೆಳಗಿನ ಅರ್ಧ ಕತ್ತರಿಸಿ ಹೋಗಿರುತ್ತದೆ. ಒಂದು ಬಟ್ಟೆ ಅಂಗಡಿ ಸೈಟ್‌ನಲ್ಲಿ "ಹುಬ್ಬಳ್ಳಿ ಶಾಖೆ" ಅನ್ನುವ ಬಟನ್ ಫೋನಿನಲ್ಲಿ "ಹುಬಳಿ ಶಾಖೆ" ಅಂತ ಕಾಣುತ್ತಿತ್ತು. ಎರಡೂ ಒತ್ತು ಮಂಗಮಾಯ!

ಸಪ್ತಾಪುರ_ಕೋಡರ್
ಇಂಗ್ಲಿಷ್‌ಗೆ ಮಾಡಿದ ಟೆಂಪ್ಲೇಟ್‌ಗೆ ಕನ್ನಡ ತುಂಬಿದರೆ ಹೀಗೇ ಆಗುವುದು. ಬಟನ್‌ನ ಎತ್ತರವನ್ನು ಇಷ್ಟೇ ಪಿಕ್ಸೆಲ್ ಅಂತ ಬಿಗಿದಿರುತ್ತಾರೆ, ಮಿಕ್ಕಿದ್ದನ್ನು ಮುಚ್ಚು ಅಂತಲೂ ಬರೆದಿರುತ್ತಾರೆ. ಇಂಗ್ಲಿಷಿಗೆ ಕೆಳಗೆ ಅಷ್ಟು ಜಾಗ ಬೇಡ. ನಮಗೆ ಒತ್ತಿಗೆ ಬೇಕು, ಮೇಲೆ ಗುಡಿಸಿಗೂ ಬೇಕು. ಎತ್ತರ ಬಿಗಿಯದೆ ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಕೊಡಿ. ಸಾಲಿನ ಎತ್ತರ 1.6ಕ್ಕಿಂತ ಕಮ್ಮಿ ಬೇಡ. ಅಕ್ಷರಗಳ ನಡುವೆ ಜಾಗ ಬಿಡುವ ಸೆಟ್ಟಿಂಗ್ ಇದ್ದರೆ ಕನ್ನಡಕ್ಕೆ ತೆಗೆದುಬಿಡಿ.

ಫಾಂಟ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಮೊದಲೇ ಇರುತ್ತದೆ. ಅದನ್ನೇ ಬಳಸಿದರೆ ಫಾಂಟ್ ಇಳಿಸಿಕೊಳ್ಳುವ ಕೆಲಸವೇ ಇಲ್ಲ.

ಚಿಗರಿ_ಸವಾರ
ಗೂಗಲ್ ಫಾಂಟ್ಸ್‌ನಲ್ಲಿ "ಹುಬ್ಬಳ್ಳಿ" ಅಂತಲೇ ಒಂದು ಕನ್ನಡ ಫಾಂಟ್ ಇದೆ, ಯಾರಾದರೂ ನೋಡಿದ್ದೀರಾ? ತೆಳ್ಳಗೆ, ಗುಂಡಗೆ, ಚೆನ್ನಾಗಿದೆ.

ಲೈನ್‌ಬಜಾರ್
ಧಾರವಾಡ ಅಂತ ಫಾಂಟ್ ಯಾಕಿಲ್ಲ? ಇದರಲ್ಲೂ ಹುಬ್ಬಳ್ಳಿಯವರದ್ದೇ ಮುಂದಾ?

ಗಿರ್ಮಿಟ್_ಚಹಾ
ನಿಮಗೆ ಪೇಢಾ ಇದೆಯಲ್ಲ, ಸುಮ್ನಿರಿ. ಜಿಐ ಟ್ಯಾಗ್ ಸಹಿತ ಇದೆ.

ದುರ್ಗದಬೈಲ್_ಪೋರ
"ಬೆನ್ನೆ" ಅಂತಲೂ ಒಂದು ಫಾಂಟ್ ಇದೆ. ದಾವಣಗೆರೆಯವರು ಬಂದು ಜಗಳ ತೆಗೆಯುವ ಮೊದಲು ವಿಷಯಕ್ಕೆ ಬನ್ನಿ.

ಸಪ್ತಾಪುರ_ಕೋಡರ್
ಹುಬ್ಬಳ್ಳಿ ಫಾಂಟ್ ಬಳಸುವವರು ಒಂದು ನೆನಪಿಡಿ. ಅದರಲ್ಲಿ ದಪ್ಪ ಅಕ್ಷರದ ಬೇರೆ ಕಟ್ಟು ಇಲ್ಲ, ಒಂದೇ ತೂಕ. ಬೋಲ್ಡ್ ಅಂತ ಕೊಟ್ಟರೆ ಬ್ರೌಸರ್ ತಾನೇ ಸವರಿ ದಪ್ಪ ಮಾಡುತ್ತದೆ. ಚಿಕ್ಕ ಪರದೆಯಲ್ಲಿ ಒತ್ತುಗಳೆಲ್ಲ ಮೆತ್ತಿಕೊಂಡ ಹಾಗೆ ಆಗುತ್ತವೆ.

ಲೈನ್‌ಬಜಾರ್
ಪೇಢಾ ಅಂದಿರಲ್ಲ, ಅದನ್ನೇ ಹೇಳುತ್ತೇನೆ ಕೇಳಿ. ಪುಣೆಯಲ್ಲಿರುವ ನನ್ನ ನಾದಿನಿ ಮಗುವಿನ ನಾಮಕರಣಕ್ಕೆ ಅಂತ ಇಲ್ಲಿಯ ಒಂದು ಅಂಗಡಿಯಿಂದ ಪೇಢಾ ತರಿಸಲು ಹೊರಟಳು. ಅಂಗಡಿ ಹೆಸರು ಬೇಡ. ಅವಳ ಕೈಯಲ್ಲಿದ್ದದ್ದು ಫೋನ್ ಒಂದೇ. ಸೈಟ್ ತೆರೆದ ಕೂಡಲೇ ಪರದೆ ತುಂಬ ಹಬ್ಬದ ಶುಭಾಶಯದ ಪಾಪ್ಅಪ್. ಮುಚ್ಚುವ ಗುರುತು ಪರದೆಯ ಆಚೆ. ಅದನ್ನು ದಾಟಿದರೆ ಫಾರ್ಮ್. ಫೋನ್ ನಂಬರ್ ಕೇಳುವ ಕಡೆ ಎಬಿಸಿಡಿ ಕೀಬೋರ್ಡ್ ಬರುತ್ತದೆ. ಪಿನ್‌ಕೋಡ್‌ಗೂ ಅದೇ. ಜನ್ಮ ದಿನಾಂಕ ಬೇರೆ ಕೇಳುತ್ತಾರೆ, ಪೇಢಾಕ್ಕೂ ಜನ್ಮ ದಿನಾಂಕಕ್ಕೂ ಏನು ಸಂಬಂಧ? ಎಲ್ಲ ತುಂಬಿ ಮುಗಿಸಿದರೆ ಕೊನೆಗೆ ಒಂದು ಕ್ಯೂಆರ್ ಕೋಡ್, "ಸ್ಕ್ಯಾನ್ ಮಾಡಿ ಹಣ ಕಳಿಸಿ" ಅಂತ. ಇದ್ದ ಒಂದು ಫೋನಿನಲ್ಲೇ ಆ ಕೋಡ್ ಕಾಣುತ್ತಿದೆ. ಯಾವುದರಿಂದ ಸ್ಕ್ಯಾನ್ ಮಾಡಬೇಕು? ಗಂಡ ಆಫೀಸಿನಿಂದ ಬರುವ ತನಕ ಕಾಯ್ದಳು. ಅಷ್ಟರಲ್ಲಿ ಪುಟ ತಾನೇ ರಿಫ್ರೆಶ್ ಆಗಿ ಎಲ್ಲ ಖಾಲಿ.

ಕೊನೆಗೆ ನಾನೇ ಹೋಗಿ ತಂದು ಬಸ್ಸಿಗೆ ಹಾಕಿದೆ.

ಗಿರ್ಮಿಟ್_ಚಹಾ
ನೋಡಿದಿರಾ? ವಾಟ್ಸಾಪ್‌ನಲ್ಲಿ "2 ಕೆಜಿ ಕಳಿಸಿ" ಅಂದಿದ್ದರೆ ಮುಗಿದಿತ್ತು.

ಸಪ್ತಾಪುರ_ಕೋಡರ್
ಗಿರ್ಮಿಟ್ ಅಣ್ಣಾ, ಈ ಒಂದು ಸಲ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಸಣ್ಣ ಅಂಗಡಿಗೆ ಫಾರ್ಮ್‌ಗಿಂತ ವಾಟ್ಸಾಪ್ ಬಟನ್ ಒಳ್ಳೆಯದು. ಒತ್ತಿದರೆ ನೇರ ಚಾಟ್ ತೆರೆಯುವ ಲಿಂಕ್ ಕೊಡಬಹುದು, "ಪೇಢಾ ಬೇಕಿತ್ತು" ಅಂತ ಮೊದಲೇ ಬರೆದೂ ಇಡಬಹುದು. ಆದರೆ ಆ ಬಟನ್ ಇರುವುದು ವೆಬ್‌ಸೈಟ್‌ನಲ್ಲಿ!

ಫಾರ್ಮ್ ಬೇಕೇ ಬೇಕು ಅನ್ನುವವರಿಗೆ: ಫೋನ್ ನಂಬರಿನ ಜಾಗಕ್ಕೆ ಟೆಲ್ ಅನ್ನುವ ಬಗೆ ಕೊಟ್ಟರೆ ಅಂಕಿಯ ಕೀಬೋರ್ಡ್ ತಾನೇ ಬರುತ್ತದೆ. ಹೆಸರು, ವಿಳಾಸಕ್ಕೆ ಆಟೋಕಂಪ್ಲೀಟ್ ಬಿಡಿ, ಫೋನೇ ತುಂಬಿಕೊಡುತ್ತದೆ. ಐಫೋನ್‌ನಲ್ಲಿ ತುಂಬುವ ಜಾಗದ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಮುಟ್ಟಿದ ಕೂಡಲೇ ಇಡೀ ಪುಟ ಹಿಗ್ಗಿ ಪಕ್ಕಕ್ಕೆ ಜರುಗುತ್ತದೆ. 16 ಇಟ್ಟರೆ ಆ ಕಾಟ ಇಲ್ಲ. ಬಟನ್‌ಗಳು 48 ಪಿಕ್ಸೆಲ್‌ನಷ್ಟು ಇರಲಿ ಅನ್ನುತ್ತದೆ ಗೂಗಲ್, ಆಪಲ್ 44 ಅನ್ನುತ್ತದೆ. ನೇಗಿಲು, ಸ್ಪ್ಯಾನರ್ ಹಿಡಿಯುವ ಬೆರಳಿಗೆ ಇನ್ನೂ ಸ್ವಲ್ಪ ದೊಡ್ಡದೇ ಇರಲಿ. ಕ್ಯೂಆರ್ ಬದಲು ಯುಪಿಐ ಆ್ಯಪ್ ತೆರೆಯುವ ಬಟನ್ ಬೇಕು. ಅದನ್ನು ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಹಣ ಪಡೆದುಕೊಡುವ ಸೇವೆ) ಮೂಲಕ ಮಾಡಿಸಿ. ವೈಯಕ್ತಿಕ ಐಡಿಗೆ ಲಿಂಕ್ ಮಾಡಿದರೆ ಕೆಲವು ಆ್ಯಪ್‌ಗಳು ಹಣ ಬಿಡುವುದಿಲ್ಲ. ಅಷ್ಟು ವ್ಯಾಪಾರ ಇಲ್ಲ ಅಂದರೆ ಯುಪಿಐ ಐಡಿಯನ್ನು ಕಾಪಿ ಮಾಡಲು ಬರುವ ಹಾಗೆ ಅಕ್ಷರದಲ್ಲೇ ಬರೆಯಿರಿ.

ಪಂಪ್‌ಸೆಟ್_ಹುಬ್ಬಳ್ಳಿ
ಎಲ್ಲರಿಗೂ ಧನ್ಯವಾದ. ಆ್ಯಪ್ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಬೇಡವೇ?

ಏಲಕ್ಕಿ_ಹಾವೇರಿ
ವರ್ಷಕ್ಕೆ ಎರಡು ಸಲ ಸ್ಪೇರ್ ಕೊಳ್ಳುವ ರೈತ ಅದಕ್ಕೊಂದು ಆ್ಯಪ್ ಇಟ್ಟುಕೊಳ್ಳುತ್ತಾನಾ? ಫೋಟೋ, ವಿಡಿಯೋ ತುಂಬಿ ಫೋನಿನಲ್ಲಿ ಜಾಗವೇ ಇರುವುದಿಲ್ಲ.

ವಿದ್ಯಾನಗರ_ಡಿಜಿಟಲ್
ದಿನಾ ಆರ್ಡರ್ ಮಾಡುವ ಡೀಲರ್‌ಗಳಿದ್ದರೆ ಆ್ಯಪ್ ಉಪಯೋಗಕ್ಕೆ ಬರುತ್ತದೆ. ಬಾಕಿ ಲೆಕ್ಕ, ಉದ್ರಿ, ಹಳೆಯ ಆರ್ಡರ್ ಎಲ್ಲ ಒಂದೇ ಕಡೆ. ಸುಮ್ನೆ ತಳ್ಳಿಹಾಕಬೇಡಿ.

ಏಲಕ್ಕಿ_ಹಾವೇರಿ
ಅಂಥವರಿದ್ದರೆ ಸರಿ. ಇವರ ಗಿರಾಕಿಗಳು ಯಾರು ಅಂತ ಮೇಲೆ ಬರೆದಿದ್ದಾರಲ್ಲ.

ಚಿಗರಿ_ಸವಾರ
ಯಾರೂ ವೇಗದ ಮಾತು ಎತ್ತಲಿಲ್ಲ. ನಾನು ಲಿಂಕ್ ತರಿಸಿಕೊಂಡು ನೋಡಿದೆ. ಮೊದಲ ಪುಟದಲ್ಲಿ ಸರಿಯುವ ಫೋಟೋಗಳಿವೆ. ಅಂಗಡಿ ಮುಂಭಾಗ, ಗೋಡೌನ್, ಪೂಜೆಯ ದಿನದ್ದು. ಕ್ಯಾಮೆರಾದಿಂದ ಬಂದದ್ದನ್ನು ಹಾಗೇ ಏರಿಸಿದ್ದಾರೆ, ಒಂದೊಂದೂ 4 ಎಂಬಿ ಮೇಲೆ. ಲೈಟ್‌ಹೌಸ್ ಮೊಬೈಲ್ ಪರೀಕ್ಷೆಗೆ ಇಟ್ಟುಕೊಳ್ಳುವ ನಿಧಾನದ 4ಜಿ ವೇಗ ಸೆಕೆಂಡಿಗೆ 1.6 ಮೆಗಾಬಿಟ್. 4 ಎಂಬಿ ಅಂದರೆ 32 ಮೆಗಾಬಿಟ್. ಒಂದು ಫೋಟೋಕ್ಕೇ 20 ಸೆಕೆಂಡ್ ಆಯಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಮೋಟಾರ್ ಸುಟ್ಟುಕೊಂಡು ಹೊಲದಲ್ಲಿ ನಿಂತವನು ನಿಮ್ಮ ಗೋಡೌನ್ ಫೋಟೋ ಇಳಿಯುವ ತನಕ ಕಾಯುತ್ತಾನಾ?

ಫೋಟೋವನ್ನು 800 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ (ಹಗುರವಾದ ಫೋಟೋ ಫೈಲ್ ಬಗೆ) ಮಾಡಿದರೆ ಸಾಮಾನ್ಯವಾಗಿ 100 ಕೆಬಿ ಆಸುಪಾಸಿಗೆ ಬರುತ್ತದೆ. ಕೆಳಗಿನ ಫೋಟೋಗಳಿಗೆ ಲೇಝಿ ಲೋಡಿಂಗ್ ಹಾಕಿ, ಅಲ್ಲಿಗೆ ಉರುಳಿಸಿದಾಗ ಮಾತ್ರ ಇಳಿಯುತ್ತವೆ. ಆ ಸರಿಯುವ ಸ್ಲೈಡರನ್ನು ಮಾತ್ರ ತೆಗೆದೇ ಬಿಡಿ, ದಮ್ಮಯ್ಯ. ಮ್ಯಾಪನ್ನೂ ಪುಟದೊಳಗೆ ಕೂರಿಸಬೇಡಿ. "ದಾರಿ ನೋಡಿ" ಅಂತ ಒಂದು ಬಟನ್ ಸಾಕು. ಒತ್ತಿದರೆ ಮ್ಯಾಪ್ ಆ್ಯಪ್ ತಾನೇ ತೆರೆಯುತ್ತದೆ.

ಇನ್ನೊಂದು ಕಿರಿಕಿರಿ: ಫೋಟೋಗೆ ಅಗಲ ಎತ್ತರ ಬರೆಯದೇ ಬಿಟ್ಟರೆ, ಅದು ತಡವಾಗಿ ಬಂದಾಗ ಕೆಳಗಿನದ್ದೆಲ್ಲ ಜಿಗಿಯುತ್ತದೆ. ಕರೆ ಬಟನ್ ಒತ್ತಲು ಹೋದರೆ ಬೆರಳು ಇನ್ನೇನನ್ನೋ ಒತ್ತಿರುತ್ತದೆ.

ದುರ್ಗದಬೈಲ್_ಪೋರ
ಪೂಜೆ ಫೋಟೋ ತೆಗೆಯಬೇಡಿ ಅಣ್ಣಾ, ಅಪ್ಪಾಜಿ ಬೇಜಾರಾಗುತ್ತಾರೆ.

ಪಂಪ್‌ಸೆಟ್_ಹುಬ್ಬಳ್ಳಿ
ಅದು ಹೇಗೆ ಗೊತ್ತಾಯಿತು ನಿಮಗೆ? ಸ್ಲೈಡರ್ ತೆಗೆಯೋಣ ಅಂದಿದ್ದಕ್ಕೆ ನಿನ್ನೆಯಿಂದ ಮಾತೇ ಆಡುತ್ತಿಲ್ಲ 😄 "ನಮ್ಮ ಬಗ್ಗೆ" ಪುಟದಲ್ಲಿ ಒಂದು ಇಡುತ್ತೇನೆ ಅಂತ ಒಪ್ಪಿಸಿದ್ದೇನೆ.

ಈಗಿನ ತೀರ್ಮಾನ ಹೀಗಿದೆ. ಡಿಸೈನರ್‌ಗೆ ಬೇಡ ಅಂದೆ. ಕೋಡರ್ ಅವರ ಗೆಳೆಯರೊಬ್ಬರು ಇರುವ ಪುಟಗಳನ್ನೇ ಹೊಸದಾಗಿ ಬರೆದುಕೊಡುತ್ತಾರೆ. ಮೊದಲ ಪರದೆಯಲ್ಲಿ ಅಂಗಡಿ ಹೆಸರು, ಯಾವ ಕಂಪನಿಯ ಸ್ಪೇರ್ ಸಿಗುತ್ತದೆ, ತೆರೆದಿರುವ ಹೊತ್ತು, ವಾರದ ರಜೆ. ಕರೆ ಮತ್ತು ವಾಟ್ಸಾಪ್ ಬಟನ್ ಎರಡೂ ಪರದೆಯ ಕೆಳಗೆ, ಎಷ್ಟು ಉರುಳಿಸಿದರೂ ಅಲ್ಲೇ ನಿಲ್ಲುವ ಹಾಗೆ. ಒಂದು ಪ್ರಶ್ನೆ ಉಳಿದಿದೆ: ಕನ್ನಡವೋ ಇಂಗ್ಲಿಷೋ?

ಗಿರ್ಮಿಟ್_ಚಹಾ
ಇದೂ ಒಂದು ಪ್ರಶ್ನೆಯಾ? ಕನ್ನಡ.

ಚಿಗರಿ_ಸವಾರ
ಸ್ಪೇರ್ ಹೆಸರುಗಳನ್ನು ಜನ ಇಂಗ್ಲಿಷಿನಲ್ಲೇ ಹುಡುಕುತ್ತಾರೆ. ಕೆಪಾಸಿಟರ್, ಸ್ಟಾರ್ಟರ್, ಬೇರಿಂಗ್ ನಂಬರ್ ಎಲ್ಲ. ಪೂರ್ತಿ ಕನ್ನಡ ಮಾಡಿದರೆ ಗೂಗಲ್‌ನಲ್ಲಿ ಸಿಗುವುದಿಲ್ಲ.

ಬೆಟಗೇರಿ_ಪ್ರೆಸ್
ಮಾತು ಕನ್ನಡದಲ್ಲಿರಲಿ, ಪಾರ್ಟಿನ ಹೆಸರು ಎರಡರಲ್ಲೂ ಇರಲಿ, ನಂಬರ್ ಇಂಗ್ಲಿಷಿನಲ್ಲಿರಲಿ. ರೇಟ್ ಪಟ್ಟಿ ಅಚ್ಚು ಹಾಕುವಾಗ ನಾವು ಮಾಡುವುದೂ ಹಾಗೇ. ಈ ಜಗಳ ಇಲ್ಲಿ ಯಾಕೆ ಬೆಳೆಸುತ್ತೀರಿ?

ಮುದುಕರ ಪರವಾಗಿ ಒಂದು ಅರ್ಜಿ. ಕೆಲವು ಸೈಟ್‌ಗಳಲ್ಲಿ ಬೆರಳಿನಿಂದ ದೊಡ್ಡದು ಮಾಡುವುದನ್ನೇ ಬಂದ್ ಮಾಡಿರುತ್ತಾರೆ. ನೋಡಲು ನೀಟಾಗಿರಲಿ ಅಂತ ಇರಬೇಕು. ನನಗೆ ಕನ್ನಡಕ ಬಂದು ಬಹಳ ವರ್ಷ ಆಯಿತು. ಫೋನಿನ ಸೆಟ್ಟಿಂಗ್‌ನಲ್ಲೇ ಅಕ್ಷರ ದೊಡ್ಡದು ಮಾಡಿಟ್ಟಿದ್ದೇನೆ. ಅಷ್ಟಾದರೂ ಕೆಲವು ಪುಟದಲ್ಲಿ ಬಟನ್ ಒಂದರ ಮೇಲೊಂದು ಹತ್ತಿ ಕೂರುತ್ತವೆ. ಸೈಟ್ ಆದ ಮೇಲೆ ನನ್ನಂಥವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.

ಸಪ್ತಾಪುರ_ಕೋಡರ್
ಸರಿಯಾಗಿ ಹೇಳಿದಿರಿ ಕಾಕಾ. ಅದೇ ವ್ಯೂಪೋರ್ಟ್ ಸಾಲಿನಲ್ಲಿ ಜೂಮ್ ಬೇಡ ಅಂತ ಸೇರಿಸಿಬಿಡುತ್ತಾರೆ. ನಾವು ಸೇರಿಸುವುದಿಲ್ಲ.

ಪರೀಕ್ಷೆ ಬಗ್ಗೆ: ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದು ಫೋನ್ ಅಗಲದಲ್ಲಿ ನೋಡುವುದು ಅರ್ಧ ಕೆಲಸ ಅಷ್ಟೇ. ಅದರಲ್ಲಿ ಬೆರಳು ಇಲ್ಲ, ಬಿಸಿಲು ಇಲ್ಲ, ಕಮ್ಮಿ ರ‍್ಯಾಮ್ ಇಲ್ಲ. ಪಂಪ್‌ಸೆಟ್ ಸರ್, ನಿಮ್ಮ ಅಂಗಡಿಯಲ್ಲಿ ಹಮಾಲಿ ಮಾಡುವವರ ಫೋನ್, ಕೌಂಟರ್‌ಗೆ ಬಂದ ಗಿರಾಕಿಯ ಫೋನ್ ತೆಗೆದುಕೊಂಡು ನೋಡಿ. "ನಮ್ಮ ನಂಬರಿಗೆ ಫೋನ್ ಹಚ್ಚಿರಿ" ಅಂತ ಹೇಳಿ ಬಾಯಿ ಮುಚ್ಚಿಕೊಂಡು ನಿಲ್ಲಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ರಿಪೇರಿ ಬೇಕು.

ಬ್ಯಾಡಗಿ_ಕಡ್ಡಿ
ತಡವಾಗಿ ಬಂದೆ, ಮಧ್ಯೆ ನುಗ್ಗುತ್ತಿದ್ದೇನೆ. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಮಾರುಕಟ್ಟೆ ದಿನ ಸಂಜೆ ಧಾರಣೆ ಪಟ್ಟಿಯನ್ನು ನಮ್ಮ ಸೈಟ್‌ನಲ್ಲಿ ಪಿಡಿಎಫ್ ಮಾಡಿ ಹಾಕುತ್ತೇವೆ. ರೈತರು ಫೋನ್ ಮಾಡಿ "ಕಾಣುವುದಿಲ್ಲ, ನೀವೇ ಹೇಳಿ" ಅನ್ನುತ್ತಾರೆ. ಅಲ್ಲಿಗೆ ಪಟ್ಟಿ ಹಾಕಿ ಏನು ಬಂತು? ಸಾಲಿಗೆ ಕಡ್ಡಿ, ಡಬ್ಬಿ, ಗುಂಟೂರು. ಕಾಲಂಗೆ ಆವಕ, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಿದ ದರ). ಇದನ್ನು ಫೋನಿಗೆ ಹೇಗೆ ಹೊಂದಿಸುವುದು?

ಸಪ್ತಾಪುರ_ಕೋಡರ್
ಪಿಡಿಎಫ್ ಬಿಡಿ. ಪುಟದಲ್ಲೇ ಟೇಬಲ್ ಮಾಡಿ. ಟೇಬಲ್‌ಗೆ ಮಾತ್ರ ಒಂದು ಡಬ್ಬ ಹಾಕಿ, ಅದರೊಳಗೆ ಅಡ್ಡಕ್ಕೆ ಸರಿಯುವ ಹಾಗೆ ಬಿಡಿ. ಆಗ ಇಡೀ ಪುಟ ಅಡ್ಡಕ್ಕೆ ಓಡುವುದಿಲ್ಲ. ಮೊದಲ ಕಾಲಂ, ಅಂದರೆ ತಳಿಯ ಹೆಸರು, ಸ್ಟಿಕಿ ಮಾಡಿ, ಅಂದರೆ ಸರಿಸಿದರೂ ಅಲ್ಲೇ ನಿಲ್ಲುವ ಹಾಗೆ. ಗರಿಷ್ಠ ನೋಡಲು ಪಕ್ಕಕ್ಕೆ ಸರಿಸಿದರೂ ಇದು ಡಬ್ಬಿಯದ್ದೋ ಕಡ್ಡಿಯದ್ದೋ ಅಂತ ಗೊತ್ತಾಗುತ್ತದೆ. ತಾರೀಖು ಮೇಲೆ ದೊಡ್ಡದಾಗಿ ಇರಲಿ. ಹಳೆಯ ಧಾರಣೆ ನೋಡಿ ಚೀಲ ಹೇರಿಕೊಂಡು ಬಂದರೆ ನಿಮಗೇ ಬೈಗುಳ.

ಏಲಕ್ಕಿ_ಹಾವೇರಿ
ಕಾಲಂಗಳ ಕ್ರಮವನ್ನೂ ಬದಲಿಸಿ. ರೈತರು ಮೊದಲು ನೋಡುವುದು ಗರಿಷ್ಠ ಮತ್ತು ಮಾದರಿ. ಆವಕ ಕೊನೆಗೆ ಹೋಗಲಿ.

ಬ್ಯಾಡಗಿ_ಕಡ್ಡಿ
ನಮ್ಮ ಹುಡುಗ ಮಾಡಿದ. ಸರಿಸಿದರೆ ಹೆಸರಿನ ಕಾಲಂ ನಿಲ್ಲುತ್ತದೆ, ಆದರೆ ಹಿಂದಿನಿಂದ ಅಂಕಿಗಳು ಅದರ ಮೇಲೇ ಹಾದು ಎರಡೂ ಕಲಸಿಹೋಗುತ್ತಿವೆ. "ಡಬ್ಬಿ" ಮೇಲೆ ರೇಟ್ ಕೂತು ಎರಡೂ ಓದಲು ಬರುವುದಿಲ್ಲ.

ಸಪ್ತಾಪುರ_ಕೋಡರ್
ಸ್ಟಿಕಿ ಮಾಡಿದ ಖಾನೆಗೆ ಹಿನ್ನೆಲೆ ಬಣ್ಣ ಕೊಟ್ಟಿಲ್ಲ, ಅದಕ್ಕೇ ಹಿಂದಿನದು ಪಾರಾಗಿ ಕಾಣುತ್ತಿದೆ. ಬಿಳಿ ಬಣ್ಣ ಕೊಡಲು ಹೇಳಿ.

ಬ್ಯಾಡಗಿ_ಕಡ್ಡಿ
ಕೊಟ್ಟ, ಸರಿಹೋಯಿತು. ಸೋಮವಾರದ ಧಾರಣೆ ಇದರಲ್ಲೇ ಹಾಕುತ್ತೇವೆ.

ಗಿರ್ಮಿಟ್_ಚಹಾ
ಡಬ್ಬಿ ಎಷ್ಟಕ್ಕೆ ಹೋಗುತ್ತಿದೆಯಣ್ಣಾ ಈಗ? ಮನೆಯಲ್ಲಿ ಖಾರ ಕುಟ್ಟಿಸಬೇಕು.

ಬ್ಯಾಡಗಿ_ಕಡ್ಡಿ
ಸೈಟ್ ನೋಡಿ.